ಮೊದಲ ಪಾಠ ಯಾರು ಹೇಳಬೇಕು?

ಕೈಕಾಲು ಸ್ವಾಧೀನದಲ್ಲಿಲ್ಲದ ಒಬ್ಬರ ಮನೆಗೆ ಸಹಾಯಕ್ಕೆಂದು ಕೆಲಸಕ್ಕೆ ಹೋಗುವವರಿಗೆ ಏನನ್ನು ಕಲಿಸಬೇಕು? ಈ ಪ್ರಶ್ನೆಗೆ ನಮ್ಮಲ್ಲಿ ಚಾಲ್ತಿಯಲ್ಲಿರುವ ಪಠ್ಯಕ್ರಮಗಳು ಕೊಡುವ ಉತ್ತರ ಬಹುಪಾಲು ಆಸ್ಪತ್ರೆಯ ವಾರ್ಡಿನಿಂದ ಎದ್ದು ಬಂದದ್ದು. ಹಾಸಿಗೆ ಹಾಸುವುದು, ಮೈ ಒರೆಸುವುದು, ನಾಡಿ ಎಣಿಸುವುದು, ಬೆಡ್‌ಪ್ಯಾನ್ ಕೊಡುವುದು, ಕೈ ತೊಳೆಯುವ ಕ್ರಮ, ಯಾವ ಕಸ ಯಾವ ಬಣ್ಣದ ಡಬ್ಬಿಗೆ ಹೋಗಬೇಕು ಎಂಬ ಲೆಕ್ಕ. ಇವೆಲ್ಲ ಬೇಕಾದವೇ. ಆದರೆ ಅಲ್ಲಿ ಪಾಠ ಹೇಳುವವರು ನರ್ಸು, ಪರೀಕ್ಷೆ ಮಾಡುವವರು ನರ್ಸು, ಸರಿ ತಪ್ಪು ತೀರ್ಮಾನಿಸುವವರೂ ನರ್ಸು. ಹಾಸಿಗೆಯಲ್ಲಿರುವ ವ್ಯಕ್ತಿಯನ್ನು ಯಾರೂ ಏನೂ ಕೇಳುವುದಿಲ್ಲ. ನನ್ನ ತಕರಾರು ಶುರುವಾಗುವುದೇ ಇಲ್ಲಿಂದ.

ತಾಜಸುಲ್ತಾನಪುರದ ಹೆಸರು ಹೇಳಿದರೆ ಕಲಬುರಗಿ ಸೀಮೆಯವರಿಗೆ ನೆನಪಾಗುವುದು ಅಲ್ಲಿನ ಮೀಸಲು ಪೊಲೀಸ್ ಪಡೆ. ಪೊಲೀಸ್ ಕೆಲಸಕ್ಕೆ ಸೇರಿದ ಹುಡುಗನಿಗೆ ಹೇಗೆ ನಿಲ್ಲಬೇಕು, ಹೇಗೆ ನಡೆಯಬೇಕು, ಭಾರ ಹೇಗೆ ಹೊರಬೇಕು ಎಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಅಂಥದೇ ಊರಿನ ಓಣಿಯೊಂದರಲ್ಲಿ, ಸೊಂಟದ ಕೆಳಗೆ ಸ್ವಾಧೀನವಿಲ್ಲದ ಗಂಡನನ್ನೋ ಬೆಳೆದ ಮಗನನ್ನೋ ದಿನಕ್ಕೆ ಹತ್ತಾರು ಸಲ ಎತ್ತಿ ಇಳಿಸುವ ಹೆಂಗಸಿಗೆ ತನ್ನ ಬೆನ್ನನ್ನು ಹೇಗೆ ಉಳಿಸಿಕೊಳ್ಳಬೇಕೆಂದು ಹೇಳಿಕೊಟ್ಟವರು ಯಾರೂ ಇರುವುದಿಲ್ಲ. ಗಾಲಿಕುರ್ಚಿಯ ಬ್ರೇಕ್ ಹಾಕಿದೆಯೇ ನೋಡು, ಸೊಂಟ ಬಗ್ಗಿಸಬೇಡ, ಮಂಡಿ ಮಡಿಚು, ಅವರನ್ನು ನಿನ್ನ ಮೈಗೆ ಹತ್ತಿರ ತಗೊ, ಒಂದೇ ಸಲ ತಿರುಗು. ಇಷ್ಟನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು. ಕಲಿಸದೇ ಹೋದದ್ದಕ್ಕೆ ಆಕೆ ತೆರುವ ಬೆಲೆ ಆಯುಷ್ಯಪೂರ್ತಿಯ ಸೊಂಟನೋವು.

ಇರುವ ತರಬೇತಿಗಳನ್ನು ಒಂದೊಂದಾಗಿ ನೋಡೋಣ. ಕೌಶಲ ಅಭಿವೃದ್ಧಿ ಯೋಜನೆಗಳಡಿ 'ಜನರಲ್ ಡ್ಯೂಟಿ ಅಸಿಸ್ಟೆಂಟ್' ಮತ್ತು 'ಹೋಮ್ ಹೆಲ್ತ್ ಏಡ್' ಎಂಬ ಎರಡು ಕೋರ್ಸುಗಳಿವೆ. ಮೊದಲನೆಯದು ಆಸ್ಪತ್ರೆಗೆ, ಎರಡನೆಯದು ಮನೆಗೆ. ಮನೆಗೆಂದು ಮಾಡಿದ್ದರಲ್ಲೂ ಮನೆಯೊಳಗಿನ ವ್ಯಕ್ತಿ ರೋಗಿಯಾಗಿಯೇ ಉಳಿದಿದ್ದಾನೆ. ಪೋಲಿಯೊ ಆದವರು ರೋಗಿಯಲ್ಲ. ಹುಟ್ಟುಕುರುಡರು ರೋಗಿಯಲ್ಲ. ಅವರಿಗೆ ಬೇಕಿರುವುದು ಕಚೇರಿಗೋ ಕಾಲೇಜಿಗೋ ಸಂತೆಗೋ ಹೋಗಿಬರಲು ಇನ್ನೊಂದು ಜೊತೆ ಕೈ ಅಥವಾ ಕಣ್ಣು. 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತಿನ ಆರೈಕೆ ಸರ್ಟಿಫಿಕೇಟ್ ಕೋರ್ಸು ಇದಕ್ಕಿಂತ ಎಷ್ಟೋ ವಾಸಿ, ಅಂಗವಿಕಲತೆಯನ್ನು ಅಂಗವಿಕಲತೆಯೆಂದೇ ನೋಡುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ನಡೆದ 'ಸಹಯೋಗಿ' ಯೋಜನೆ ಆರೈಕೆ ಮಾಡುವವರಿಗೆ ಪ್ರಾಥಮಿಕ, ಮುಂದುವರಿದ ಎಂಬ ಎರಡು ಹಂತಗಳ ತರಬೇತಿಯನ್ನು ರೂಪಿಸಿತು. ಅದರ ಒಳ್ಳೆಯ ಗುಣವೆಂದರೆ ತಾಯಿ ತಂದೆಯರೂ ಕಲಿಯಬೇಕಾದವರೆಂದು ಒಪ್ಪಿಕೊಂಡದ್ದು. ಮಿತಿಯೂ ಆ ಕಾಯ್ದೆಯಲ್ಲೇ ಇದೆ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವಿಕಲತೆ, ಈ ನಾಲ್ಕಕ್ಕೇ ಅದರ ವ್ಯಾಪ್ತಿ ಮುಗಿಯುತ್ತದೆ. ಬೆನ್ನುಹುರಿ ಪೆಟ್ಟಾದವರು, ಮಾಂಸಖಂಡ ಸವೆಯುವ ಕಾಯಿಲೆಯವರು ಅದರ ಬಾಗಿಲ ಹೊರಗೆ. 2021ರ ಮೇ ತಿಂಗಳಲ್ಲಿ ಪುನರ್ವಸತಿ ಪರಿಷತ್ತು ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆಗೂಡಿ ಸಮುದಾಯಾಧಾರಿತ ಅಭಿವೃದ್ಧಿಯ ಆರು ತಿಂಗಳ ಕಾರ್ಯಕ್ರಮವೊಂದನ್ನು ಶುರುಮಾಡಿತು. ಇವುಗಳಲ್ಲೆಲ್ಲ ನನ್ನ ಮನಸ್ಸಿಗೆ ಹತ್ತಿರವಾದದ್ದು ಅದೇ. ಆದರೆ ಅದು ತಯಾರು ಮಾಡುವುದು ಊರಿಗೊಬ್ಬ ಕಾರ್ಯಕರ್ತನನ್ನು. ಒಬ್ಬ ವ್ಯಕ್ತಿಯ ಮಾತಿಗೆ ಬದ್ಧನಾಗಿ, ಆ ಒಬ್ಬರಿಗಾಗಿಯೇ ದುಡಿಯುವ ಸಹಾಯಕನನ್ನಲ್ಲ.

ಕಾನೂನು ಈ ವಿಷಯದಲ್ಲಿ ಪಠ್ಯಕ್ರಮಕ್ಕಿಂತ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಸಮುದಾಯದ ನಡುವೆ ಬದುಕುವ ಹಕ್ಕನ್ನು ಹೇಳುತ್ತ, ವೈಯಕ್ತಿಕ ಸಹಾಯವನ್ನು ಹೆಸರಿಟ್ಟೇ ಸೇರಿಸುತ್ತದೆ. ಅದೂ ವಯಸ್ಸು, ಲಿಂಗ ನೋಡಿಕೊಂಡು ಕೊಡಬೇಕು ಎನ್ನುತ್ತದೆ. 24ನೇ ಸೆಕ್ಷನ್ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. 38ನೇ ಸೆಕ್ಷನ್ ಪ್ರಕಾರ ಅಂಥ ಆಸರೆಗಾಗಿ ಅರ್ಜಿ ಹಾಕಬಹುದು, ಮೌಲ್ಯಮಾಪನ ಮಂಡಳಿ ಅದನ್ನು ನೋಡಬೇಕು. 47ನೇ ಸೆಕ್ಷನ್ನಿನಲ್ಲಿ ಆರೈಕೆ ಮಾಡುವವರ ತರಬೇತಿಯ ಜೊತೆಗೆ, ಅಂಗವಿಕಲರಿಗೇ ಸ್ವತಂತ್ರ ಬದುಕಿನ ತರಬೇತಿ ಕೊಡಬೇಕೆಂಬ ಮಾತೂ ಇದೆ. ಈ ಕೊನೆಯ ಮಾತನ್ನು ನಮ್ಮವರು ಓದಿದಂತೆಯೇ ಕಾಣುವುದಿಲ್ಲ. ಭಾರತ 2007ರಲ್ಲಿ ಒಪ್ಪಿ ಸಹಿಮಾಡಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿಯೂ ಸಮುದಾಯದ ನಡುವೆ ಬದುಕುವ ಹಕ್ಕನ್ನೇ ಹೇಳುತ್ತದೆ. ಆ ವಿಧಿಯನ್ನು ವಿವರಿಸಲು 2017ರಲ್ಲಿ ಬಂದ ಟಿಪ್ಪಣಿಯಂತೂ, ಸಹಾಯಕರನ್ನು ಆರಿಸುವುದು, ಅವರಿಗೆ ಕಲಿಸುವುದು, ಅವರ ಕೆಲಸ ನೋಡಿಕೊಳ್ಳುವುದು ಎಲ್ಲವೂ ಸಹಾಯ ಪಡೆಯುವವರ ಕೈಯಲ್ಲೇ ಇರಬೇಕು ಎಂದು ಬಿಡಿಸಿ ಹೇಳಿದೆ.

ಇದು ಆದರ್ಶದ ಮಾತಾಯಿತು, ಮೈಕೈ ಹಿಡಿಯುವ ಕೆಲಸವನ್ನು ತಿಳಿದವರೇ ಕಲಿಸಬೇಡವೇ ಎಂದು ಕೇಳುವವರಿದ್ದಾರೆ. ಅವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಗೌಂಡಿ ಕೆಲಸದವನೊಬ್ಬ ಕಟ್ಟುತ್ತಿದ್ದ ಮನೆಯ ಮೇಲಿಂದ ಬಿದ್ದು ಕತ್ತಿನ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿದೆ ಅಂದುಕೊಳ್ಳಿ. ನಮ್ಮ ದೇಶದಲ್ಲಿ ಬೆನ್ನುಹುರಿ ಪೆಟ್ಟಿಗೆ ದೊಡ್ಡ ಕಾರಣಗಳು ಎರಡು, ಎತ್ತರದಿಂದ ಬೀಳುವುದು ಮತ್ತು ರಸ್ತೆ ಅಪಘಾತ. ಆದ್ದರಿಂದ ಇಂಥವನು ಯಾವ ಊರಲ್ಲಾದರೂ ಸಿಗುತ್ತಾನೆ. ಸ್ಪರ್ಶ ತಿಳಿಯದ ಮೈ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಎಲುಬು ಒತ್ತುವ ಕಡೆ ಚರ್ಮ ಸಾಯುತ್ತದೆ, ಹುಣ್ಣು ಎಲುಬಿನತನಕ ಇಳಿಯುತ್ತದೆ. ಹಾಸಿಗೆಯಲ್ಲಿದ್ದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಗಾಲಿಕುರ್ಚಿಯಲ್ಲಿದ್ದರೆ ಕಾಲು ತಾಸಿಗೋ ಅರ್ಧ ತಾಸಿಗೋ ಒಮ್ಮೆ ಕುಂಡಿಯ ಮೇಲಿನ ಭಾರ ಇಳಿಸಬೇಕು. ಮೂತ್ರ ತಾನಾಗಿ ಹೋಗದಿದ್ದರೆ ನಾಲ್ಕರಿಂದ ಆರು ತಾಸಿಗೊಮ್ಮೆ ನಳಿಗೆ ಹಾಕಿ ತೆಗೆಯಬೇಕು. ಇಷ್ಟು ಪುಸ್ತಕದಲ್ಲಿ ಸಿಗುತ್ತದೆ.

ಮುಂದಿನದು ಜೀವದ ಪ್ರಶ್ನೆ. ಎದೆಯ ಆರನೇ ಮಣಿಯ ಹತ್ತಿರ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ ಮೂತ್ರಕೋಶ ತುಂಬಿದರೆ, ಮಲ ಕಟ್ಟಿದರೆ, ಕಾಲುಚೀಲದೊಳಗೆ ಒಂದು ಹರಳು ಸಿಕ್ಕಿಕೊಂಡರೂ ರಕ್ತದೊತ್ತಡ ಏಕಾಏಕಿ ಏರಬಹುದು. ತಲೆ ಸಿಡಿಯುವಷ್ಟು ನೋವು, ಕೆಂಪೇರಿದ ಮುಖ, ಹಣೆಯ ಮೇಲೆ ಬೆವರು. ನಮ್ಮ ಊರುಗಳಲ್ಲಿ ತಲೆನೋವು ಅಂದಕೂಡಲೇ ಮಾಡುವುದೇನು? ಮಲಗಿಸಿ, ಹೊದಿಕೆ ಹೊದಿಸುತ್ತೇವೆ. ಇಲ್ಲಿ ಮಲಗಿಸಿದರೆ ಒತ್ತಡ ಇನ್ನೂ ಏರುತ್ತದೆ, ಪ್ರಾಣಕ್ಕೇ ಸಂಚಕಾರ. ತಕ್ಷಣ ಎತ್ತಿ ಕೂರಿಸಬೇಕು, ಬಿಗಿಯಾದ ಬಟ್ಟೆ ಸಡಿಲಿಸಬೇಕು, ನಳಿಗೆ ಮಡಿಚಿಕೊಂಡಿದೆಯೇ ನೋಡಬೇಕು, ಕಾರಣ ಹುಡುಕಬೇಕು, ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು. ಕಲಬುರಗಿಯ ಬಿಸಿಲು ಇನ್ನೊಂದು ಪಾಠ. ಕತ್ತಿನ ಹತ್ತಿರ ಪೆಟ್ಟಾದವರ ಮೈ ಪೆಟ್ಟಿನ ಕೆಳಗೆ ಸರಿಯಾಗಿ ಬೆವರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ, ತಗಡಿನ ಮಾಳಿಗೆಯ ಕೆಳಗೆ ಆ ಮೈ ಕಾಯುತ್ತಲೇ ಹೋಗುತ್ತದೆ. ಒದ್ದೆ ಬಟ್ಟೆ ಯಾವಾಗ ಹಾಕಬೇಕು, ಎಷ್ಟು ನೀರು ಕುಡಿಸಬೇಕು, ಮಧ್ಯಾಹ್ನ ಯಾವ ಮೂಲೆಗೆ ಸರಿಸಬೇಕು ಎಂಬುದನ್ನು ಬೆಂಗಳೂರಿನ ಹವೆಗೆ ಬರೆದ ಕೈಪಿಡಿ ಹೇಳಲಾರದು.

ಈಗ ಕೇಳುತ್ತೇನೆ: ಈ ಲಕ್ಷಣಗಳಲ್ಲಿ ತನಗೆ ಮೊದಲು ಬರುವುದು ಯಾವುದು, ಕಿವಿ ಬಿಸಿಯಾಗುವುದೋ ಕತ್ತಿನ ಹಿಂದೆ ಮುಳ್ಳೇಳುವುದೋ ಎಂದು ಯಾರಿಗೆ ಗೊತ್ತು? ಆ ಮನುಷ್ಯನಿಗೆ ಮಾತ್ರ. ವೈದ್ಯರು ಸಾಮಾನ್ಯ ನಿಯಮ ಹೇಳಬಹುದು, ತನ್ನ ಮೈಯ ನಿಯಮವನ್ನು ಅವನೇ ಹೇಳಬೇಕು. ಮಾಂಸಖಂಡ ಸವೆಯುವ ಕಾಯಿಲೆಯ ಹುಡುಗನನ್ನು ಕಂಕುಳಿಗೆ ಕೈಹಾಕಿ ಎತ್ತಿದರೆ ಅವನ ಭುಜ ಹಿಡಿತಕ್ಕೆ ನಿಲ್ಲದೆ ಮೇಲೆ ಜಾರಿ ನೋವಾಗುತ್ತದೆ. ಅವನು ಅದನ್ನು ಹತ್ತು ಜನರಿಗೆ ಹೇಳಿ ಹೇಳಿ ಸೋತಿರುತ್ತಾನೆ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಎದುರು ಕೂತು, ಅವರ ಬಾಯಿಯ ಮಟ್ಟದಿಂದಲೇ ತುತ್ತು ಕೊಡಬೇಕು. ನಿಂತು ಮೇಲಿನಿಂದ ಕೊಟ್ಟರೆ ಕತ್ತು ಹಿಂದಕ್ಕೆ ವಾಲಿ ಅನ್ನ ಶ್ವಾಸನಾಳಕ್ಕೆ ಹೋದೀತು. ಜೋಳದ ರೊಟ್ಟಿಯನ್ನು ಹಾಲಲ್ಲೋ ಬ್ಯಾಳಿಯಲ್ಲೋ ಎಷ್ಟು ನೆನೆಸಿದರೆ ತಾನು ನುಂಗಬಲ್ಲೆ ಎಂಬುದು ಉಣ್ಣುವವರಿಗೆ ಗೊತ್ತು, ಉಣಿಸುವವರಿಗಲ್ಲ. ಕಣ್ಣು ಕಾಣದವರ ಕೈಹಿಡಿದು ಎಳೆಯಬಾರದು, ಅವರು ನಮ್ಮ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಕಲಬುರಗಿಯ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಎಳೆದುಕೊಂಡು ಹೋಗುವವರನ್ನೇ ಹೆಚ್ಚು ನೋಡುತ್ತೇವೆ. ಅವರದು ಒಳ್ಳೆಯ ಮನಸ್ಸೇ, ಆದರೆ ಕಲಿಯದ ಕೈ.

ಇವು ಕೈಗೆ ಕಲಿಸುವ ಪಾಠಗಳಾದವು. ಬಾಯಿಗೂ ಕಿವಿಗೂ ಕಲಿಸುವ ಪಾಠ ಇದಕ್ಕಿಂತ ಕಷ್ಟ, ಆಸ್ಪತ್ರೆ ಮಾದರಿಯ ತರಬೇತಿ ಪೂರ್ತಿ ಸೋಲುವುದೂ ಅಲ್ಲೇ. ತೊದಲುವವರ ಮಾತನ್ನು ನಡುವೆ ಕಸಿದು ಮುಗಿಸಬಾರದು. ಅಂಗಡಿಯವನು 'ಇವರಿಗೇನ್ ಬೇಕ್ರಿ?' ಎಂದು ಸಹಾಯಕನನ್ನು ಕೇಳಿದರೆ, ಸಹಾಯಕ ಉತ್ತರಿಸದೆ ಗಾಲಿಕುರ್ಚಿಯಲ್ಲಿ ಕೂತವರ ಕಡೆ ನೋಡಬೇಕು. 'ಅಕ್ಕಾ, ಈಗ ಬ್ಯಾಡ, ಆಮ್ಯಾಲ ಜಳಕ ಮಾಡ್ತೀನಿ' ಅಂದರೆ, ನೀರು ಕಾದಿದೆ ಎಂಬ ಕಾರಣಕ್ಕೆ ಎತ್ತಿಕೊಂಡು ಹೋಗಬಾರದು. ಯಾವ ಅಂಗಿ, ಯಾವ ಹೊತ್ತಿಗೆ ಊಟ, ಯಾರ ಮನೆಗೆ ಹೋಗುವುದು, ಬೀಡಿ ಸೇದುವುದೋ ಬಿಡುವುದೋ, ಇವೆಲ್ಲ ಅವರವರ ಬದುಕಿನ ತೀರ್ಮಾನಗಳು. ಸಹಾಯಕರಿಗೆ ಅಭಿಪ್ರಾಯ ಇರಬಹುದು, ಅಧಿಕಾರ ಇರಬಾರದು. ಇದನ್ನು ಒಂದು ಪಾಠವಾಗಿ ಹೇಳಿ ಮುಗಿಸಲಾಗುವುದಿಲ್ಲ, ಅಭ್ಯಾಸ ಮಾಡಿಸಬೇಕು. ಅಭ್ಯಾಸ ಮಾಡಿಸುವವರು ಆ ಅವಮಾನವನ್ನು ಉಂಡವರೇ ಆಗಿದ್ದರೆ ಮಾತ್ರ ಅದು ನಾಟುತ್ತದೆ.

ಗುಟ್ಟಿನ ವಿಷಯದಲ್ಲಿ ನಮ್ಮ ಕಾನೂನು ಒಂದು ಕಡೆ ಎಷ್ಟು ಎಚ್ಚರವಾಗಿದೆ ನೋಡಿ. 1961ರ ಚುನಾವಣಾ ನಿಯಮಗಳ 49ಎನ್ ಪ್ರಕಾರ, ಕಣ್ಣು ಕಾಣದ ಅಥವಾ ಕೈಲಾಗದ ಮತದಾರರು ಮತಗಟ್ಟೆಗೆ ಒಬ್ಬ ಸಂಗಾತಿಯನ್ನು ಕರೆದೊಯ್ಯಬಹುದು. ಆ ಸಂಗಾತಿಗೆ 18 ವರ್ಷ ತುಂಬಿರಬೇಕು, ಒಂದೇ ದಿನ ಇಬ್ಬರಿಗೆ ಸಂಗಾತಿಯಾಗುವಂತಿಲ್ಲ, ಮತ ಯಾರಿಗೆ ಬಿತ್ತೆಂದು ಯಾರಿಗೂ ಹೇಳುವುದಿಲ್ಲವೆಂದು ಬರೆದುಕೊಡಬೇಕು. ಐದು ವರ್ಷಕ್ಕೊಮ್ಮೆ ಒತ್ತುವ ಒಂದು ಗುಂಡಿಗೆ ಇಷ್ಟು ಕಾವಲು. ದಿನವೂ ಒಬ್ಬರ ಮೈ ತೊಳೆದು, ಅವರ ಬ್ಯಾಂಕ್ ಪಾಸ್‌ಬುಕ್ ಓದಿ, ಫೋನಿನಲ್ಲಿ ಅವರ ಪರವಾಗಿ ಮೆಸೇಜ್ ಟೈಪ್ ಮಾಡುವವರಿಂದ ಅಂಥ ಒಂದು ಸಾಲು ಬರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲ. ಸಣ್ಣ ಊರಲ್ಲಿ ಗುಟ್ಟು ಹೊರಬಿದ್ದರೆ ಸಂಜೆಯೊಳಗೆ ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತಾಗಿರುತ್ತದೆ. ಮುಟ್ಟಿನ ಬಟ್ಟೆ ಬದಲಿಸಿಕೊಳ್ಳಲು ಇನ್ನೊಬ್ಬರ ಕೈ ಬೇಕಾದ ಹೆಣ್ಣುಮಗಳಿಗೆ ಈ ಭಯ ಎಷ್ಟು ದೊಡ್ಡದೆಂದು ಯಾವ ಪಠ್ಯಕ್ರಮವೂ ಮನಸ್ಸಿಗೆ ತಂದುಕೊಂಡಿಲ್ಲ. ತರಬೇತಿಯ ಮೊದಲ ದಿನವೇ ಗೌಪ್ಯತೆಯ ಮಾತಾಗಬೇಕು. ಬೇಡದ ಸ್ಪರ್ಶ ಯಾವುದು, ದೂರು ಎಲ್ಲಿ ಕೊಡಬೇಕು ಎಂಬುದು ಸಹಾಯಕರಿಗೂ ಸಹಾಯ ಪಡೆಯುವವರಿಗೂ ಒಟ್ಟಿಗೆ ತಿಳಿದಿರಬೇಕು.

ಪರೀಕ್ಷೆ ಬರೆದುಕೊಡುವ ಲಿಪಿಕಾರರನ್ನೂ ನಾನು ಇದೇ ಸಾಲಿನಲ್ಲಿ ಇಡುತ್ತೇನೆ. 2018ರ ಕೇಂದ್ರ ಮಾರ್ಗಸೂಚಿಯಿಂದ ಲಿಪಿಕಾರರನ್ನು ಪಡೆಯುವ ದಾರಿ ಸುಗಮವಾಯಿತು. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೆರಳು ಸೆಟೆದುಕೊಳ್ಳುವ ತೊಂದರೆಯವರಿಗೂ ಆ ಹಕ್ಕಿದೆ ಎಂದಿತು. ಹಕ್ಕು ಸಿಕ್ಕಿತು, ಕಲಿಕೆ ಸಿಗಲಿಲ್ಲ. ಹೇಳಿದ್ದನ್ನು ಹೇಳಿದಷ್ಟೇ ಬರೆಯುವುದು, ತನ್ನ ಜಾಣತನ ಸೇರಿಸದಿರುವುದು, ಗಣಿತದ ಆವರಣಗಳನ್ನು ಓದಿ ಹೇಳುವ ಕ್ರಮ, ಬರೆದದ್ದನ್ನು ಮತ್ತೆ ಓದಿ ತೋರಿಸುವುದು, ಇವು ಪರೀಕ್ಷೆಯ ಹಿಂದಿನ ದಿನ ಸಿಕ್ಕ ನೆರೆಮನೆಯ ಹುಡುಗಿಗೆ ತಾವಾಗಿ ಬರುವುದಿಲ್ಲ.

ಸ್ವೀಡನ್ನಿನ ಸ್ಟಾಕ್‌ಹೋಂನಲ್ಲಿ ಅಡಾಲ್ಫ್ ರಾಟ್ಸ್ಕ ಎಂಬವರು, ಸ್ವತಃ ಪೋಲಿಯೊದಿಂದ ಗಾಲಿಕುರ್ಚಿ ಹಿಡಿದವರು, 1980ರ ದಶಕದಲ್ಲಿ 'ಸ್ಟಿಲ್' ಎಂಬ ಸಹಕಾರ ಸಂಘ ಕಟ್ಟಿದರು. ಸಂಘದ ಸದಸ್ಯರೇ ಸಹಾಯಕರ ಮಾಲೀಕರು. ಅಲ್ಲಿ ಮೊದಲ ತರಬೇತಿ ಸಹಾಯಕರಿಗಲ್ಲ, ಸಹಾಯ ಪಡೆಯುವವರಿಗೆ. ಕೆಲಸಕ್ಕೆ ಆರಿಸುವುದು ಹೇಗೆ, ಬಿಡಿಸಿ ಹೇಳುವುದು ಹೇಗೆ, ವೇಳಾಪಟ್ಟಿ ಮಾಡುವುದು ಹೇಗೆ, ಸರಿಹೋಗದಿದ್ದರೆ ಬಿಡಿಸುವುದು ಹೇಗೆ ಎಂಬುದನ್ನು ಅನುಭವವಿರುವ ಅಂಗವಿಕಲರು ಹೊಸಬರಿಗೆ ಕಲಿಸುತ್ತಾರೆ. 1994ರಲ್ಲಿ ಜಾರಿಗೆ ಬಂದ ಆ ದೇಶದ ಕಾನೂನಿನ ಹಿಂದೆ ಈ ಅನುಭವದ ಬಲವಿತ್ತು. ಸ್ವೀಡನ್ನಿನ ಖಜಾನೆ ನಮಗಿಲ್ಲ ನಿಜ. ಆದರೆ ಯಾರು ಯಾರಿಗೆ ಮೊದಲು ಕಲಿಸಬೇಕು ಎಂಬ ಕ್ರಮವನ್ನು ಬದಲಿಸಲು ಖಜಾನೆ ಬೇಕಿಲ್ಲ. ಕಲ್ಯಾಣ ಕರ್ನಾಟಕದ ಹಳ್ಳಿಯಲ್ಲಿ ಈ ತರಬೇತಿ ಇನ್ನೂ ಹೆಚ್ಚು ಬೇಕು. ಚಿಕ್ಕಂದಿನಿಂದ 'ಹೊಂದಿಕೊಂಡು ಹೋಗು, ಮನೆಯವರಿಗೆ ತ್ರಾಸ ಕೊಡಬ್ಯಾಡ' ಎಂದು ಕೇಳಿಕೊಂಡೇ ಬೆಳೆದ ಹೆಣ್ಣುಮಗಳು, ನೀರಡಿಕೆಯಾದರೂ ಕೇಳದೆ ಕೂರುತ್ತಾಳೆ. ನೀರು ಕುಡಿದರೆ ಪಾಯಖಾನೆಗೆ ಕರೆದೊಯ್ಯಿ ಅನ್ನಬೇಕಾಗುತ್ತದೆ ಎಂದು ನಾಲಿಗೆ ಒಣಗಿಸಿಕೊಳ್ಳುತ್ತಾಳೆ. ಅವಳಿಗೆ 'ನೀನು ಮಾಲೀಕಳು, ಹೇಳು' ಅಂದರೆ ಮಾತೇ ಹೊರಡುವುದಿಲ್ಲ. ಕೇಳುವುದನ್ನು ಅವಳಿಗೆ ಯಾರಾದರೂ ಕಲಿಸಬೇಕು, ಅಂಥದೇ ಬದುಕು ಬದುಕಿದ ಇನ್ನೊಬ್ಬ ಹೆಣ್ಣುಮಗಳಿಗಿಂತ ಚೆನ್ನಾಗಿ ಅದನ್ನು ಕಲಿಸುವವರಿಲ್ಲ.

ಜಾತಿಯ ಬಗ್ಗೆ ಈ ಎಲ್ಲ ಕೋರ್ಸುಗಳು ಬಾಯಿ ಬಿಡದಿರುವುದು ನನಗೆ ದೊಡ್ಡ ದೋಷವಾಗಿ ಕಾಣುತ್ತದೆ. ಮಲಮೂತ್ರ ಬಳಿಯುವ ಕೆಲಸವನ್ನು ನಮ್ಮ ಸಮಾಜ ಯಾರ ತಲೆಗೆ ಕಟ್ಟಿದೆ ಎಂಬುದು ಎಲ್ಲರಿಗೂ ಗೊತ್ತು. ಈ ಕೆಲಸಕ್ಕೆ ಮುಂದೆ ಬರುವವರಲ್ಲಿ ಬಹುಮಂದಿ ದಲಿತ, ಹಿಂದುಳಿದ ಮನೆಗಳ ಹೆಂಗಸರು. ಮೈ ತೊಳೆಯಲು ಬೇಕು, ಒಲೆಯ ಹತ್ತಿರ ಬರಬೇಡ ಅನ್ನುವ ಮನೆಗಳಿವೆ. ಮಾಲೀಕರು ಅಂಗವಿಕಲರಾದ ಮಾತ್ರಕ್ಕೆ ಜಾತಿ ಬಿಟ್ಟಿರುತ್ತಾರೆಂದು ಹೇಳಲಾಗದು. ಸಹಾಯಕಿಗೆ ಆ ಮನೆಯಲ್ಲಿ ಅದೇ ಲೋಟದಲ್ಲಿ ನೀರು, ವಾರಕ್ಕೊಂದು ರಜೆ, ಗೊತ್ತುಮಾಡಿದ ತಾಸು, ಗೊತ್ತುಮಾಡಿದ ಪಗಾರ ಸಿಗಬೇಕು. ಅಂಗವಿಕಲರ ಹಕ್ಕಿನ ಪರ ಮಾತಾಡುವ ನಾವು ದುಡಿಯುವವರ ಹಕ್ಕನ್ನು ಮರೆತರೆ, ಒಬ್ಬರ ಬಂಧನ ಬಿಡಿಸಿ ಇನ್ನೊಬ್ಬರನ್ನು ಕಟ್ಟಿಹಾಕಿದ ಹಾಗೆ. ಇದನ್ನೆಲ್ಲ ಪುಣ್ಯದ ಕೆಲಸ ಎಂದು ಹೊಗಳಿ ಕೂಲಿ ತಪ್ಪಿಸುವ ಚಾಳಿಯನ್ನೂ ತರಬೇತಿಯಲ್ಲೇ ಮುರಿಯಬೇಕು.

ದುಡ್ಡಿನ ಮಾತು ಬಿಡುವಂತಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13.24 ಲಕ್ಷ. ಅವರಲ್ಲಿ ಪಗಾರ ಕೊಟ್ಟು ಸಹಾಯಕರನ್ನು ಇಟ್ಟುಕೊಳ್ಳಬಲ್ಲವರು ಬಹಳ ಕಡಿಮೆ. ಉಳಿದವರಿಗೆ ಅವ್ವ, ಹೆಂಡತಿ, ಅಕ್ಕ, ಶಾಲೆ ಬಿಡಿಸಿದ ತಂಗಿ. 2024-25ರ ರಾಜ್ಯ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಿದರು. ಮನೆಯ ಹೆಂಗಸು ಮಾಡುವುದೂ ದುಡಿಮೆಯೇ ಎಂದು ಸರ್ಕಾರ ಒಪ್ಪಿದ್ದು ಇಲ್ಲಿ ನಿಜವಾಗಿ ಮೆಚ್ಚಬೇಕಾದದ್ದು. ಆದರೆ ತೊಗರಿ ರಾಶಿಯ ದಿನಗಳಲ್ಲಿ ಹೊಲಕ್ಕೆ ಹೋದರೆ ಕೆಲವೇ ದಿನಗಳಲ್ಲಿ ದುಡಿಯಬಹುದಾದ ಹಣ ಅದು. ರಾಶಿ ಬಂದಾಗ ಕೂಲಿ ಏರುತ್ತದೆ, ಸಹಾಯಕಿ ಹೊಲಕ್ಕೆ ಹೋಗುತ್ತಾಳೆ, ಮನೆಯವರೂ ಹೋಗುತ್ತಾರೆ, ಹಾಸಿಗೆಯಲ್ಲಿದ್ದವರು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಮಗ್ಗುಲಲ್ಲಿ. ಆದ್ದರಿಂದ ಒಂದು ಮನೆಗೆ ಒಬ್ಬರನ್ನು ತಯಾರುಮಾಡಿದರೆ ಸಾಲದು, ಓಣಿಯಲ್ಲಿ ಇಬ್ಬರು ಮೂವರಿಗೆ ಆ ಮನೆಯ ಪಾಠ ಗೊತ್ತಿರಬೇಕು.

ಕಲಿಸಲು ಜನ ಎಲ್ಲಿ ಎಂದು ಕೇಳಬೇಕಾಗಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಎಂಬ ವ್ಯವಸ್ಥೆ ಇದೆ. ಎಲ್ಲರೂ ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಅನ್ನುತ್ತಾರೆ. ಇವರು ತಾವೇ ಅಂಗವಿಕಲರು. ದೇಶದಲ್ಲಿ ಇಂಥ ಜಾಲ ಅಪರೂಪ, ನಾವು ಅದರ ಬೆಲೆ ತಿಳಿಯದೆ ಯುಡಿಐಡಿ ಕಾರ್ಡಿನ ಅರ್ಜಿ, ಮಾಸಾಶನದ ಕಾಗದ, ಶಿಬಿರಕ್ಕೆ ಜನ ಸೇರಿಸುವುದು ಇಷ್ಟಕ್ಕೇ ಅವರನ್ನು ಸವೆಸುತ್ತಿದ್ದೇವೆ. ಗೌರವಧನಕ್ಕೆ ದುಡಿಯುವ ಅವರ ಮೇಲೆ ಇನ್ನೊಂದು ಹೊರೆ ಪುಕ್ಕಟೆ ಹೊರಿಸಿ ಎಂದು ನಾನು ಹೇಳುತ್ತಿಲ್ಲ. ತರಬೇತುದಾರರೆಂದು ಬೇರೆ ಸಂಭಾವನೆ ಕೊಟ್ಟು, ಅವರೊಬ್ಬರು, ಜಿಲ್ಲಾ ಆಸ್ಪತ್ರೆಯ ಫಿಸಿಯೊಥೆರಪಿಸ್ಟ್ ಒಬ್ಬರು ಸೇರಿ ಪಾಠ ಮಾಡಲಿ. ಎತ್ತುವ ಇಳಿಸುವ ವಿದ್ಯೆ, ಹುಣ್ಣು ತಡೆಯುವುದು, ನಳಿಗೆಯ ಶುಚಿ, ಗಂಡಾಂತರದ ಲಕ್ಷಣ ಇವನ್ನು ಒಂದು ವಾರ ಎಲ್ಲರಿಗೂ ಒಟ್ಟಿಗೆ ಕಲಿಸಲಿ. ಉಳಿದ ಕಲಿಕೆ ಕೆಲಸ ಮಾಡಬೇಕಾದ ಮನೆಯಲ್ಲೇ, ಆ ಮನೆಯ ವ್ಯಕ್ತಿಯೇ ಗುರುವಾಗಿ ನಡೆಯಲಿ. ಮಾತು ಬಾರದವರಿದ್ದರೆ, ಬುದ್ಧಿ ಬೆಳವಣಿಗೆ ನಿಧಾನವಾದವರಿದ್ದರೆ, ಅವರ ಹೌದು ಬೇಡಗಳನ್ನು ಮುಖದಿಂದ, ಕೈಯಿಂದ ಓದಬಲ್ಲ ಮನೆಯವರು ಜೊತೆಗೆ ಕೂರಲಿ. ಪಾಠ ಕಲಬುರಗಿಯ ಕನ್ನಡದಲ್ಲಿ, ಬೇಕಾದಲ್ಲಿ ದಖನಿಯಲ್ಲಿ ಇರಲಿ. ಕೊನೆಗೆ ಸಹಾಯಕಿ ಪಾಸಾದಳೋ ಇಲ್ಲವೋ ಎಂದು ಸಹಿಹಾಕುವ ಅಧಿಕಾರ ಸಹಾಯ ಪಡೆಯುವವರಿಗೇ ಇರಲಿ.

ಇದಕ್ಕೆ ಹೊಸ ಯೋಜನೆ ಬರುವ ತನಕ ಕಾಯಬೇಕಿಲ್ಲ. ಗ್ರಾಮ ಪಂಚಾಯ್ತಿಗಳು ತಮ್ಮ ನಿಧಿಯಲ್ಲಿ ಶೇ. 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕೆಂಬ ನಿಯಮ ಇದೆ. ಆ ದುಡ್ಡು ಸಾಮಾನ್ಯವಾಗಿ ಸಾಮಾನು ಹಂಚುವುದರಲ್ಲಿ, ಫೋಟೊ ತೆಗೆಸಿಕೊಳ್ಳುವುದರಲ್ಲಿ ಮುಗಿಯುತ್ತದೆ. ಅಂಗವಿಕಲರ ವಿಶೇಷ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು, ಈ ವರ್ಷದ ಶೇ. 5ರಲ್ಲಿ ನಮ್ಮ ಮನೆಗೆ ಬರುವವರ ತರಬೇತಿಗೆ, ರಾಶಿಯ ದಿನಗಳಲ್ಲಿ ಬದಲಿ ಸಹಾಯಕರ ಕೂಲಿಗೆ ಇಷ್ಟು ಹಣ ಇಡಿ ಎಂದು ಕೇಳಿ, ಅದನ್ನು ಠರಾವು ಪುಸ್ತಕದಲ್ಲಿ ಬರೆಸಬೇಕು. ಆ ಸಭೆ ಮೆಟ್ಟಿಲಿಲ್ಲದ ಕಡೆ ನಡೆಯಬೇಕು, ಕೇಳುವವರನ್ನು ಅಲ್ಲಿಗೆ ಕರೆತರಲು ಒಬ್ಬರು ಬೇಕು.